ಮೊಗ್ಲಿಂಗ್ ಮತ್ತು ‘ಸಮಾಚಾರ’: ಒಂದು ಪದದ ಪತ್ರಿಕಾ ಚರಿತ್ರೆ

ಕನ್ನಡ ಪತ್ರಿಕೋದ್ಯಮದ ಚರಿತ್ರೆ 1843ರ ಜುಲೈ 1ರಿಂದ ಆರಂಭವಾಗುತ್ತದೆ. ಅಂದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ ಹೊರಬಂದಿತು. ಅದರ ಸಂಪಾದಕರು ಹರ್ಮನ್ ಮೊಗ್ಲಿಂಗ್. ಕನ್ನಡದ ಮೊದಲ ಪತ್ರಿಕೆ ಎಂಬ ಮನ್ನಣೆ ಅದಕ್ಕೂ, ಪತ್ರಿಕಾ ಪಿತಾಮಹ ಎಂಬ ಬಿರುದು ಇವರಿಗೂ ಸಂದಿವೆ. ಜುಲೈ 1 ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಣೆಗೊಳ್ಳುತ್ತಿದೆ. ಇವೆಲ್ಲ ಪದವಿ ತರಗತಿಯ ವಿದ್ಯಾರ್ಥಿಗಳಿಗೂ ತಿಳಿದಿರುವ ಸಂಗತಿಗಳು. ಆದರೆ ಆ ಹೆಸರಿನ ಎರಡನೆಯ ಪದದ ಕಡೆಗೆ ಹರಿಯಬೇಕಾದಷ್ಟು ಗಮನ ಹರಿದಂತಿಲ್ಲ. ವರ್ತಮಾನ, ವಾರ್ತೆ, ಸುದ್ದಿ, ವೃತ್ತಾಂತ ಮುಂತಾದ ಪದಗಳು ಕನ್ನಡದಲ್ಲಿ ಆಗಲೇ ಬಳಕೆಯಲ್ಲಿದ್ದವು. ಅವುಗಳನ್ನು ಬಿಟ್ಟು ‘ಸಮಾಚಾರ’ವನ್ನು ಶೀರ್ಷಿಕೆಗೆ ಏರಿಸಿದ್ದರ ಅರ್ಥವೇನು? ಮೊಗ್ಲಿಂಗರ ಬದುಕನ್ನು ಈ ಪ್ರಶ್ನೆಯ ಜಾಡಿನಲ್ಲಿ ನೋಡಿದರೆ, ಅವರನ್ನು ಕೇವಲ ಮತಪ್ರಚಾರಕರೆಂದು ಅಥವಾ ಕೇವಲ ಪತ್ರಕರ್ತರೆಂದು ವಿಂಗಡಿಸುವ ನಮ್ಮ ರೂಢಿಯನ್ನು ಮರುಪರಿಶೀಲಿಸಬೇಕಾಗುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಮೊದಲು ಪದದ ವಿಚಾರ. ಸಂಸ್ಕೃತದ ‘ಚರ್’ ಧಾತುವಿನಿಂದ ಬಂದ ‘ಆಚಾರ’ಕ್ಕೆ ‘ಸಮ್’ ಉಪಸರ್ಗ ಸೇರಿ ‘ಸಮಾಚಾರ’ವಾಗಿದೆ. ಆದುದರಿಂದ ಅದರ ಮೂಲಾರ್ಥ ನಡೆ, ಸನ್ನಡತೆ, ಒಂದು ಸಮುದಾಯಕ್ಕೆ ಸಮ್ಮತವಾದ ವರ್ತನಕ್ರಮ. ಜೈನ ಪರಂಪರೆಯಲ್ಲಿ ಇದು ಪಾರಿಭಾಷಿಕ ಪದವಾಗಿಯೇ ನೆಲೆಗೊಂಡಿದೆ. ವಟ್ಟಕೇರನ ‘ಮೂಲಾಚಾರ’ದಲ್ಲಿ ಮುನಿಗಳು ಸಂಘದೊಳಗೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ವಿಧಿಸುವ ಭಾಗಕ್ಕೆ ಸಮಾಚಾರಾಧಿಕಾರವೆಂದೇ ಹೆಸರು. ನಡೆ ಎಂಬ ಅರ್ಥದಿಂದ ನಡೆದದ್ದು ಎಂಬ ಅರ್ಥಕ್ಕೆ, ಅಲ್ಲಿಂದ ನಡೆದದ್ದರ ವರದಿ ಎಂಬ ಅರ್ಥಕ್ಕೆ ಪದ ಸರಿದಿದೆ. ಈ ಸರಿತ ಕನ್ನಡಿಗನಿಗೆ ವಿಚಿತ್ರವಾಗಿ ತೋರಬೇಕಿಲ್ಲ. ಅಚ್ಚಗನ್ನಡದ ‘ನಡೆ’ ಕೂಡ ಶೀಲವನ್ನೂ ಘಟನೆಯನ್ನೂ ಒಟ್ಟಿಗೆ ಸೂಚಿಸುತ್ತದೆ. ‘ವೃತ್ತ’ವೂ ಹಾಗೆಯೇ: ಸದ್ವೃತ್ತದಲ್ಲಿ ನಡತೆ, ವೃತ್ತಾಂತದಲ್ಲಿ ಘಟನೆ. ‘ವಾರ್ತೆ’ಯಾದರೋ ವೃತ್ತಿಯಿಂದ ಬಂದದ್ದು. ಕೌಟಿಲ್ಯನ ವಿದ್ಯಾವಿಭಾಗದಲ್ಲಿ ಅದು ಕೃಷಿ, ಪಶುಪಾಲನೆ, ವ್ಯಾಪಾರಗಳ ಹೆಸರು. ‘ಸುದ್ದಿ’ಯನ್ನು ‘ಶುದ್ಧಿ’ಯ ತದ್ಭವವೆಂದು ನಿಘಂಟುಕಾರರು ಗುರುತಿಸುತ್ತಾರೆ, ಶುದ್ಧಪಡಿಸಿದ ಮಾತು ಎಂಬ ಅರ್ಥದ ಪದ ಗಾಳಿಸುದ್ದಿಯವರೆಗೆ ಬಂದು ನಿಂತಿರುವುದು ಪತ್ರಿಕೋದ್ಯಮದ ಅಧ್ಯಾಪಕರಿಗೆ ಒಳ್ಳೆಯ ಪಾಠಸಾಮಗ್ರಿಯಾದೀತು. ಈ ಎಲ್ಲ ಪದಗಳ ನಡುವೆ ‘ಸಮಾಚಾರ’ದ ವಿಶೇಷವೆಂದರೆ ಅದರೊಳಗಿನ ‘ಆಚಾರ’ ಇನ್ನೂ ಕಿವಿಗೆ ಕೇಳಿಸುವಷ್ಟು ಸ್ಪಷ್ಟವಾಗಿ ಉಳಿದಿರುವುದು. ಪಂಚಾಚಾರಗಳ ಪರಿಚಯವಿರುವ ನಾಡಿನಲ್ಲಿ ಅದು ಕೇಳಿಸದೆ ಹೋಗುವುದೂ ಕಷ್ಟ.

ಆಡುನುಡಿಯಲ್ಲಿ ಪದದ ಹರಹು ಇನ್ನೂ ದೊಡ್ಡದು. ಭದ್ರಾ ನಾಲೆಯ ನೀರನ್ನು ನೆಚ್ಚಿದ ದಾವಣಗೆರೆ–ಹರಿಹರ ಸೀಮೆಯನ್ನೇ ತೆಗೆದುಕೊಳ್ಳಬಹುದು. ಹದಡಿಯಂಥ ಊರಿನ ಕಟ್ಟೆಯ ಮೇಲೆ ‘ಏನ್ ಸಮಾಚಾರ’ ಎಂದು ಕೇಳಿದವನು ಸುದ್ದಿಯನ್ನು ಕೇಳುತ್ತಿಲ್ಲ, ಕ್ಷೇಮವನ್ನು ಕೇಳುತ್ತಿದ್ದಾನೆ. ನಾಲೆಗೆ ನೀರು ಬಿಡುವ ಸಮಾಚಾರ ಎಂದಾಗ ಅದು ಮಾಹಿತಿ; ಮನೆ ಪಾಲಿನ ಸಮಾಚಾರ ಎಂದಾಗ ವ್ಯವಹಾರ, ಬಹುಮಟ್ಟಿಗೆ ವ್ಯಾಜ್ಯ; ಅವನ ಸಮಾಚಾರ ನಮಗೆ ಬೇಡ ಎಂದಾಗ ಮತ್ತೆ ನಡತೆ. ನೆರೆಭಾಷೆಗಳು ಈ ಅರ್ಥರಾಶಿಯಿಂದ ತಮಗೆ ಬೇಕಾದುದನ್ನು ಆರಿಸಿಕೊಂಡಿವೆ. ತೆಲುಗಿನಲ್ಲಿ ‘ಸಮಾಚಾರಂ’ ಮಾಹಿತಿಯೇ ಆಗಿದ್ದು, 2005ರ ಕಾಯಿದೆ ಅಲ್ಲಿ ಸಮಾಚಾರ ಹಕ್ಕು ಆದರೆ ಕನ್ನಡದಲ್ಲಿ ಮಾಹಿತಿ ಹಕ್ಕು ಆಗಿದೆ. ಮರಾಠಿಯಲ್ಲಿ ಒಬ್ಬನ ಸಮಾಚಾರ ತೆಗೆದುಕೊಳ್ಳುವುದೆಂದರೆ ಅವನನ್ನು ತರಾಟೆಗೆ ತೆಗೆದುಕೊಳ್ಳುವುದು. ತಮಿಳಿನ ಮಾತುಕತೆಯಲ್ಲಿ ಅದು ಯಾವುದೇ ವಿಷಯ, ಯಾವುದೇ ಸಂಗತಿ. ಹೀಗೆ ಹಲವು ಮುಖಗಳ ಪದವೊಂದು 1843ರಲ್ಲಿ ಜರ್ಮನಿಯ ಯುವ ಪಾದ್ರಿಯೊಬ್ಬರ ಕೈಗೆ ಸಿಕ್ಕಿತು.

ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್ 1811ರ ಮೇ 29ರಂದು ವುರ್ಟೆಂಬರ್ಗ್ ಪ್ರಾಂತ್ಯದ ಬ್ರಾಕನ್‌ಹೈಮಿನಲ್ಲಿ ಜನಿಸಿದರು. ಟ್ಯೂಬಿಂಗನ್ನಿನಲ್ಲಿ ದೇವತಾಶಾಸ್ತ್ರವನ್ನು ಅಭ್ಯಾಸ ಮಾಡಿದರು. ಮುಂದೆ ಮಲಯಾಳದ ನಿಘಂಟುಕಾರರಾದ ಹರ್ಮನ್ ಗುಂಡರ್ಟ್ ಆ ಕಾಲದಿಂದಲೇ ಅವರ ಗೆಳೆಯರು. (ಕಾದಂಬರಿಕಾರ ಹರ್ಮನ್ ಹೆಸ್ಸೆ ಈ ಗುಂಡರ್ಟರ ಮಗಳ ಮಗ.) ಬಾಸೆಲ್ ಮಿಷನ್ನಿನ ಮೊದಲ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದಿದ್ದರು. ಮೊಗ್ಲಿಂಗ್ ಅವರನ್ನು ಕೂಡಿಕೊಂಡದ್ದು 1836ರ ಕೊನೆಯಲ್ಲಿ. ಕೆಲವೇ ತಿಂಗಳುಗಳಲ್ಲಿ, 1837ರ ಏಪ್ರಿಲಿನಲ್ಲಿ, ಕೊಡಗು–ಸುಳ್ಯ ಸೀಮೆಯ ಬಂಡಾಯಗಾರರು ಮಂಗಳೂರನ್ನು ಹಿಡಿದು ಕೆಲವು ದಿನ ತಮ್ಮ ವಶದಲ್ಲಿ ಇಟ್ಟುಕೊಂಡಿದ್ದರು. ಕುಂಪಣಿ ಸರಕಾರದ ಬಲ ಎಷ್ಟು, ಕೊಡಗಿನ ಅರಸೊತ್ತಿಗೆ ಮರಳುವುದೋ ಇಲ್ಲವೋ ಎಂಬ ಮಾತುಗಳು ಕಿವಿಯಿಂದ ಕಿವಿಗೆ ಹರಿಯುತ್ತಿದ್ದ ಊರು ಅದು. ಸುದ್ದಿ ಅಲ್ಲಿ ಕಾಲಹರಣದ ವಸ್ತುವಾಗಿರಲಿಲ್ಲ. ಆರು ವರ್ಷಗಳ ಅನಂತರ ಅದೇ ಊರಿನ ಹೆಸರಿನಲ್ಲಿ ಪತ್ರಿಕೆಯೊಂದು ಹೊರಟದ್ದನ್ನು ಈ ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲಾಗದು.

ಈ ನಡುವೆ ಮೊಗ್ಲಿಂಗ್ ಕೆಲಕಾಲ ಧಾರವಾಡ–ಹುಬ್ಬಳ್ಳಿಗಳಲ್ಲಿದ್ದು ಆ ಕಡೆಯ ಕನ್ನಡವನ್ನೂ ಅಲ್ಲಿನ ಲಿಂಗಾಯತ ಸಮುದಾಯವನ್ನೂ ಹತ್ತಿರದಿಂದ ಕಂಡರು. ಕರಾವಳಿಯ ಕನ್ನಡವೊಂದನ್ನೇ ಕಲಿತಿದ್ದರೆ ಅವರ ಮುಂದಿನ ಸಾಹಿತ್ಯಕ ಕೆಲಸಗಳಿಗೆ ಆ ವ್ಯಾಪ್ತಿ ದೊರೆಯುತ್ತಿರಲಿಲ್ಲ. ಮಂಗಳೂರಿಗೆ ಹಿಂದಿರುಗಿದ ಮೇಲೆ ಶಾಲೆಯ ಹೊಣೆ ಹೊತ್ತರು. 1841ರಲ್ಲಿ ಮಿಷನ್ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿತು. ಕಲ್ಲಚ್ಚಿನಲ್ಲಿ ಮೊಳೆಗಳನ್ನು ಜೋಡಿಸುವ ಕೆಲಸವಿಲ್ಲ. ಲಿಪಿಕಾರ ಜಿಡ್ಡಿನ ಮಸಿಯಿಂದ ಬರೆದದ್ದು ಕಲ್ಲಿನ ಮೇಲೆ ಮೂಡಿ, ಅಲ್ಲಿಂದ ಕಾಗದಕ್ಕೆ ಇಳಿಯುತ್ತದೆ. ಅಂದರೆ ಕನ್ನಡದ ಮೊದಲ ಪತ್ರಿಕೆ ಓದುಗರಿಗೆ ತಲುಪಿದ್ದು ಕೈಬರಹದಲ್ಲಿಯೇ. ಓಲೆ, ಕಡತಗಳನ್ನು ಓದುವ ಅಭ್ಯಾಸವಿದ್ದವನಿಗೆ ಆ ಪುಟ ಪೂರ್ತಿ ಅಪರಿಚಿತವಾಗಿರಲಾರದು. ಅಚ್ಚಿನ ಯುಗ ಬಂದೊಡನೆ ಕೈಬರಹದ ಸಂಸ್ಕೃತಿ ಮುರಿದುಬಿತ್ತೆಂದು ಹೇಳುವ ಆಧುನಿಕತೆಯ ಸಂಕಥನಕ್ಕೆ ಈ ಒಂದು ವಿವರ ತಿದ್ದುಪಡಿಯನ್ನು ಸೂಚಿಸುತ್ತದೆ.

ಮೊದಲ ಸಂಚಿಕೆಯಲ್ಲಿ ಮೊಗ್ಲಿಂಗ್ ಪತ್ರಿಕೆಯ ಉದ್ದೇಶವನ್ನು ವಿವರಿಸಿದ್ದಾರೆ. ನಾಲ್ಕು ದಿಕ್ಕಿನ ರಾಜ್ಯಗಳ ಸ್ಥಿತಿಗತಿಗಳನ್ನು ಅರಿಯುವ ದಾರಿಯಿಲ್ಲದ ಇಲ್ಲಿಯ ಜನರನ್ನು ಅವರು ಕಿಟಕಿಗಳಿಲ್ಲದ ಬಿಡಾರದಲ್ಲಿ ತಂಗಿರುವವರಿಗೆ ಹೋಲಿಸುತ್ತಾರೆ. ಪಕ್ಷಕ್ಕೊಮ್ಮೆ ಬರುವ ಈ ಸಂಗ್ರಹ ಆ ಬಿಡಾರಕ್ಕೆ ನಾಲ್ಕೂ ಕಡೆ ಕಿಟಕಿ ತೆರೆದಂತೆ ಎಂಬುದು ಅವರ ಆಶಯ. ಈ ರೂಪಕ ಪತ್ರಿಕೋದ್ಯಮದ ಚರ್ಚೆಗಳಲ್ಲಿ ಬಹಳ ಸಲ ಉಲ್ಲೇಖಗೊಂಡಿದೆ. ಅದರಲ್ಲಿ ಸೌಜನ್ಯದಷ್ಟೇ ವಸಾಹತುಶಾಹಿ ದೃಷ್ಟಿಯೂ ಇದೆ. ಹಾಡಿನ, ಹರಿಕಥೆಯ, ಜಾತ್ರೆಯ, ಯಾತ್ರೆಯ ಮೂಲಕ ಈ ಜನ ಪಡೆಯುತ್ತಿದ್ದ ಲೋಕಜ್ಞಾನ ಕಿಟಕಿಗಳ ಲೆಕ್ಕಕ್ಕೆ ಬಂದಿಲ್ಲ. ಆದರೂ ಹೇಳುವ ಧಾಟಿ ಉಪದೇಶದ್ದಲ್ಲ, ವಿವರಣೆಯದು. ಕನ್ನಡವೂ ಜನ ಆಡುವ ಮಾತಿಗೆ ಸಮೀಪದ್ದು.

ನಮ್ಮ ಪ್ರಶ್ನೆಗೆ ಉತ್ತರದ ಎಳೆ ಸಿಗುವುದು ಪತ್ರಿಕೆಯ ಒಳವಿಂಗಡಣೆಯಲ್ಲಿ. ಊರಿನ ಘಟನೆಗಳನ್ನು ಹೇಳುವ ಭಾಗಕ್ಕೂ ಪರರಾಜ್ಯಗಳ ಘಟನೆಗಳನ್ನು ಹೇಳುವ ಭಾಗಕ್ಕೂ ಮೊಗ್ಲಿಂಗ್ ಬಳಸಿದ ಪದ ‘ವರ್ತಮಾನ’. ಇವಲ್ಲದೆ ಸರಕಾರದ ನಿರೂಪಗಳು, ಆಚಾರ ವಿಚಾರಗಳು, ಅನ್ಯರ ನಡೆ, ಬುದ್ಧಿ ಹೇಳುವ ಕಥೆಗಳು, ಓದುಗರ ಪತ್ರಗಳು ಇವುಗಳಿಗೂ ಅಲ್ಲಿ ಸ್ಥಳವಿತ್ತು. ಆಗುತ್ತಿರುವುದು ವರ್ತಮಾನ, ಆಗುತ್ತಿರುವುದರ ಜೊತೆಗೆ ಆಜ್ಞೆ, ರೂಢಿ, ನಡತೆ, ನೀತಿ ಎಲ್ಲ ಸೇರಿದ ಮೊತ್ತ ಸಮಾಚಾರ. ಶೀರ್ಷಿಕೆ ಒಂದು ಪದ, ಅಂಕಣ ಇನ್ನೊಂದು ಪದವಾದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ವರ್ತಮಾನವೆಂದೇ ಪತ್ರಿಕೆಗೆ ಹೆಸರಿಟ್ಟಿದ್ದರೆ ನೀತಿಕಥೆಗಳಿಗೆ ಅಲ್ಲಿ ಅತಿಥಿಯ ಸ್ಥಾನ ಮಾತ್ರ ಇರುತ್ತಿತ್ತು. ‘ಸಮಾಚಾರ’ದ ಚಪ್ಪರದಡಿಯಲ್ಲಿ ಅವು ಮನೆಯವರೇ ಆದವು. ಮಿಷನರಿಗೆ ಜನರ ನಡೆಯನ್ನು ಬದಲಿಸಬೇಕಾಗಿತ್ತು. ಓದುಗನಿಗೆ ನಡೆದದ್ದು ತಿಳಿಯಬೇಕಾಗಿತ್ತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಪದ ಭಾಷೆಯಲ್ಲಿ ಆಗಲೇ ಸಿದ್ಧವಿತ್ತು.

ಈ ಆಯ್ಕೆಯ ಪೂರ್ತಿ ಕೀರ್ತಿಯನ್ನು ಮೊಗ್ಲಿಂಗರಿಗೇ ಕೊಡುವುದು ಸರಿಯಲ್ಲ. ಸಿರಾಂಪುರದ ಮಿಷನರಿಗಳು 1818ರಲ್ಲಿಯೇ ಬಂಗಾಳಿಯಲ್ಲಿ ‘ಸಮಾಚಾರ ದರ್ಪಣ’ವನ್ನು ಆರಂಭಿಸಿದ್ದರು. ಸನಾತನ ಪಕ್ಷದ ಭವಾನೀಚರಣ ಬಂದ್ಯೋಪಾಧ್ಯಾಯರು 1822ರಲ್ಲಿ ಹೊರಡಿಸಿದ್ದೂ ‘ಸಮಾಚಾರ ಚಂದ್ರಿಕಾ’ವೇ. ಎದುರಾಳಿಗಳಿಬ್ಬರೂ ಒಂದೇ ಪದವನ್ನು ಹಿಡಿದುಕೊಂಡದ್ದು ಗಮನಾರ್ಹ: ಆಚಾರ ಯಾವುದು ಎಂಬುದೇ ಅಲ್ಲಿ ಜಗಳದ ವಿಷಯವಾಗಿತ್ತು. ಅದೇ 1822ರಲ್ಲಿ ಫರ್ದೂನ್‌ಜಿ ಮರ್ಜ್‌ಬಾನ್ ಮುಂಬಯಿಯಲ್ಲಿ ಗುಜರಾತಿಯ ‘ಮುಂಬಯಿ ಸಮಾಚಾರ’ವನ್ನು ಸ್ಥಾಪಿಸಿದರು. ಅಲ್ಲಿ ಆಚಾರಕ್ಕಿಂತ ವ್ಯಾಪಾರ ಮುಖ್ಯ. ಊರ ಹೆಸರಿನೊಡನೆ ‘ಸಮಾಚಾರ’ವನ್ನು ಜೋಡಿಸುವ ಮಾದರಿಗೆ ಅರಬ್ಬೀ ಸಮುದ್ರದ ಈ ದಂಡೆಯಲ್ಲಿ ಅದೇ ಪೂರ್ವನಿದರ್ಶನ. 1847ರ ಜೂನಿನಲ್ಲಿ ಗುಂಡರ್ಟ್ ತಲಶ್ಶೇರಿಯಿಂದ ಮಲಯಾಳದ ಮೊದಲ ಪತ್ರಿಕೆಯನ್ನು ಹೊರಡಿಸಿದಾಗ ಅದಕ್ಕೆ ‘ರಾಜ್ಯಸಮಾಚಾರಂ’ ಎಂದು ಹೆಸರಿಟ್ಟರು. ಅಲ್ಲಿ ರಾಜ್ಯವೆಂದರೆ ದೇವರ ರಾಜ್ಯ. ಅದೇ ವರ್ಷದ ಅಕ್ಟೋಬರಿನಲ್ಲಿ ಲೌಕಿಕ ವಿಷಯಗಳಿಗಾಗಿ ‘ಪಶ್ಚಿಮೋದಯಂ’ ಎಂಬ ಬೇರೊಂದು ಪತ್ರಿಕೆ ಬಂದಿತು. ಮಲಯಾಳದಲ್ಲಿ ಎರಡು ಪತ್ರಿಕೆಗಳಾಗಿ ಒಡೆದದ್ದನ್ನು ಮೊಗ್ಲಿಂಗ್ ಕನ್ನಡದಲ್ಲಿ ಒಂದೇ ಪದದಲ್ಲಿ ಹಿಡಿದಿಡಲು ನೋಡಿದ್ದರು.

ಆ ಹಿಡಿತ ಎಷ್ಟು ಬಿಗಿಯಾಗಿತ್ತು ಎಂಬುದರ ಪರೀಕ್ಷೆ ಬೇಗನೆ ಬಂದಿತು. 1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ಮತ್ತಿಬ್ಬರು ಬ್ರಾಹ್ಮಣ ಯುವಕರೊಂದಿಗೆ ದೀಕ್ಷಾಸ್ನಾನ ಪಡೆದರು. ಆನಂದರಾಯರು ತಮ್ಮ ಗುರುವಿನ ಹೆಸರನ್ನೇ ಸ್ವೀಕರಿಸಿ ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಊರಿಗೆ ಊರೇ ತಲ್ಲಣಿಸಿತು. ಅವರ ಮನೆಯವರ ಪಾಲಿಗೆ ಇದು ಮಗನೊಬ್ಬನನ್ನು ಬದುಕಿರುವಾಗಲೇ ಕಳೆದುಕೊಂಡ ದುಃಖ. ಆ ನೋವನ್ನು ಮಿಷನರಿ ಚರಿತ್ರೆಗಳು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತವೆ. ಪತ್ರಿಕಾ ಚರಿತ್ರೆಯ ದೃಷ್ಟಿಯಿಂದ ಇಲ್ಲಿ ಇನ್ನೊಂದು ಸಮಸ್ಯೆಯಿದೆ. ಆ ಹೊತ್ತು ಮಂಗಳೂರಿನಲ್ಲಿ ನಡೆದ ಅತಿ ದೊಡ್ಡ ಘಟನೆಗೆ ಊರಿನ ಏಕೈಕ ಪತ್ರಿಕೆಯ ಸಂಪಾದಕರೇ ಕಾರಣಕರ್ತರಾಗಿದ್ದರು. ವರದಿಗಾರ ಘಟನೆಯ ಹೊರಗೆ ನಿಲ್ಲಬೇಕೆಂಬ ನಿಯಮ ವರ್ತಮಾನಕ್ಕೆ ಅನ್ವಯಿಸೀತು. ಆಚಾರವನ್ನೇ ಬದಲಿಸಹೊರಟವನ ಸಮಾಚಾರಕ್ಕೆ ಅದು ಅನ್ವಯಿಸುವುದು ಹೇಗೆ? ಅಲ್ಲಿಯವರೆಗೆ ಪದದೊಳಗೆ ಒಟ್ಟಿಗೆ ಬಾಳಿದ ಎರಡು ಅರ್ಥಗಳು ಈ ಜನವರಿಯಲ್ಲಿ ಒಂದಕ್ಕೊಂದು ಎದುರು ನಿಂತವು.

ಮುಂದಿನ ತಿಂಗಳು, 1844ರ ಫೆಬ್ರವರಿಯಲ್ಲಿ, ‘ಮಂಗಳೂರ ಸಮಾಚಾರ’ ನಿಂತಿತು. ಇದನ್ನು ಮತಾಂತರದ ಪರಿಣಾಮವೆಂದು ಆತುರದಿಂದ ಹೇಳಬಾರದು. ಕಲ್ಲಚ್ಚಿಗಿಂತ ಸ್ಪಷ್ಟವಾದ ಮೊಳೆಯಚ್ಚಿನ ಅಗತ್ಯವಿತ್ತು. ಆ ಸೌಕರ್ಯ ಲಂಡನ್ ಮಿಷನ್ನಿನ ಹಳೆಯ ನೆಲೆಯಾದ ಬಳ್ಳಾರಿಯಲ್ಲಿತ್ತು. ಮಂಗಳೂರಿಗೆ ಮೊಳೆಯಚ್ಚು ಬಂದದ್ದು 1850ರ ದಶಕದ ಆರಂಭದಲ್ಲಿ. ಹೀಗಾಗಿ 1844ರ ಮಾರ್ಚಿನಿಂದ ಪತ್ರಿಕೆ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಆಗ ಅದರ ಹೆಸರು ‘ಕನ್ನಡ ಸಮಾಚಾರ’ ಎಂದಾಯಿತು.

ಈ ಹೆಸರಿನ ಬದಲಾವಣೆಯನ್ನು ನಮ್ಮ ಚರಿತ್ರೆಕಾರರು ಸ್ಥಳಾಂತರದ ಸಹಜ ಪರಿಣಾಮವೆಂದು ಭಾವಿಸಿ ಮುಂದೆ ಸಾಗುತ್ತಾರೆ. ಸ್ಥಳಾಂತರವಷ್ಟೇ ಕಾರಣವಾಗಿದ್ದರೆ ಅದು ‘ಬಳ್ಳಾರಿ ಸಮಾಚಾರ’ ಆಗಬಹುದಾಗಿತ್ತು. ಊರಿನ ಹೆಸರು ಹೋಗಿ ಭಾಷೆಯ ಹೆಸರು ಬಂದದ್ದು ದೊಡ್ಡ ಹೆಜ್ಜೆ. ಪತ್ರಿಕೆ ಮಂಗಳೂರಿನಲ್ಲಿದ್ದಾಗಲೇ ಹೊನ್ನಾವರ, ಶಿರಸಿ, ಹುಬ್ಬಳ್ಳಿ, ಶಿವಮೊಗ್ಗ, ತುಮಕೂರು, ಮೈಸೂರುಗಳಿಗೆ ಹೋಗುತ್ತಿತ್ತು. ಇವುಗಳಲ್ಲಿ ಮೊದಲೆರಡು ಊರುಗಳು ಮಂಗಳೂರಿನಂತೆಯೇ ಮದರಾಸು ಆಧಿಪತ್ಯದ ಕೆನರಾ ಜಿಲ್ಲೆಯವು, ಹುಬ್ಬಳ್ಳಿ ಮುಂಬಯಿ ಆಧಿಪತ್ಯದ್ದು, ಉಳಿದವು 1831ರಿಂದ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದ ಮೈಸೂರು ಸಂಸ್ಥಾನದವು. ಈ ಮೂರು ಆಡಳಿತಗಳ ಗಡಿಗಳು ಒಂದನ್ನೊಂದು ಮುಟ್ಟುತ್ತಿದ್ದುದು ಹರಿಹರದ ಆಸುಪಾಸಿನಲ್ಲಿ. ಹರಿಹರ, ದಾವಣಗೆರೆಗಳು ಮೈಸೂರಿನ ಚಿತ್ರದುರ್ಗ ವಿಭಾಗಕ್ಕೆ ಸೇರಿದ್ದವು; ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಸರಕಾರದ ರಾಣೆಬೆನ್ನೂರು; ಈಶಾನ್ಯಕ್ಕೆ ಹೊರಳಿದರೆ ಮದರಾಸಿನ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿ. ಸುತ್ತ ಎಲ್ಲ ಕಡೆಯೂ ಆಡುವ ಮಾತು ಕನ್ನಡವೇ. ಸರಕಾರದ ನಿರೂಪಗಳು ಮಾತ್ರ ಮೂರು ಕಡೆಯಿಂದ ಬರುತ್ತಿದ್ದವು. ಇಂಥ ಪ್ರದೇಶದ ಓದುಗನಿಗೆ ಮಂಗಳೂರಿನ ಸಮಾಚಾರ ಪರಸ್ಥಳದ್ದು, ಕನ್ನಡದ ಸಮಾಚಾರ ತನ್ನದು. ಕರ್ನಾಟಕದ ಏಕೀಕರಣಕ್ಕೆ ನೂರಹನ್ನೆರಡು ವರ್ಷ ಮೊದಲು, ಯಾವ ನಕಾಶೆಯಲ್ಲಿಯೂ ಇಲ್ಲದ ಒಂದು ನಾಡನ್ನು ಪತ್ರಿಕೆಯ ತಲೆಬರಹ ತನ್ನ ಓದುಗವಲಯವಾಗಿ ಹೆಸರಿಸಿತು. ಮೊಗ್ಲಿಂಗ್ ರಾಜಕೀಯ ಉದ್ದೇಶದಿಂದ ಹಾಗೆ ಮಾಡಿದರೆಂದು ಹೇಳುವುದು ಅತ್ಯುಕ್ತಿ. ಆದರೆ ‘ಸಮಾಚಾರ’ದ ‘ಸಮ್’, ಅಂದರೆ ಒಟ್ಟುಗೂಡುವಿಕೆ, ಇಲ್ಲಿ ಹೊಸ ಕೆಲಸಕ್ಕೆ ಒದಗಿಬಂದಿತು.

‘ಕನ್ನಡ ಸಮಾಚಾರ’ ಬಹುಕಾಲ ಬಾಳಲಿಲ್ಲ. ಅದರೊಂದಿಗೆ ಪದದ ಯೋಗವೂ ಮಂಕಾಯಿತು ಎನ್ನಬೇಕು. 1859ರಲ್ಲಿ ಮೈಸೂರಿನಿಂದ ಹೊರಟದ್ದು ‘ವೃತ್ತಾಂತ ಬೋಧಿನಿ’. 1887ರಲ್ಲಿ ಅಲ್ಲಿಯೇ ವೆಸ್ಲಿಯನ್ ಮಿಷನ್ ಆರಂಭಿಸಿದ್ದು ‘ವೃತ್ತಾಂತ ಪತ್ರಿಕೆ’. ಇಪ್ಪತ್ತನೆಯ ಶತಮಾನದಲ್ಲಿ ಆಕಾಶವಾಣಿ ‘ವಾರ್ತೆ’ಯನ್ನು ತನ್ನದಾಗಿಸಿಕೊಂಡಿತು, ಸರಕಾರದ ಇಲಾಖೆಯೂ ವಾರ್ತಾ ಇಲಾಖೆಯೇ ಆಯಿತು. ದಿನಪತ್ರಿಕೆಗಳಿಗೂ ಟಿ.ವಿ. ವಾಹಿನಿಗಳಿಗೂ ‘ಸುದ್ದಿ’ ಹತ್ತಿರವಾಯಿತು. ಹೀಗೆ ಕಳಚಿಕೊಂಡ ‘ಸಮಾಚಾರ’ ಒಮ್ಮೆ ಮಾತ್ರ ಅಧಿಕಾರದ ಗತ್ತಿನಲ್ಲಿ ಮರಳಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ದೇಶದ ನಾಲ್ಕು ಸುದ್ದಿಸಂಸ್ಥೆಗಳನ್ನು ಒಂದುಗೂಡಿಸಿ ‘ಸಮಾಚಾರ್’ ಎಂಬ ಒಂದೇ ಸಂಸ್ಥೆಯನ್ನು ಮಾಡಲಾಯಿತು. ಯಾವುದು ಸುದ್ದಿ ಎಂಬುದರ ಜೊತೆಗೆ ಯಾವುದು ಯೋಗ್ಯ ನಡತೆ ಎಂಬುದನ್ನೂ ಒಂದೇ ಕೇಂದ್ರ ನಿರ್ಧರಿಸುವ ಆ ವ್ಯವಸ್ಥೆ 1978ರಲ್ಲಿ ಕೊನೆಗೊಂಡು ಸಂಸ್ಥೆಗಳು ಮತ್ತೆ ಬೇರ್ಪಟ್ಟವು. ಪದದ ಆಚಾರಾಂಶ ಆಳುವವರ ಕೈಗೆ ಸಿಕ್ಕರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಮೊಗ್ಲಿಂಗರ ಮುಂದಿನ ಬದುಕಿಗೆ ಮರಳಬಹುದು. ಪತ್ರಿಕೆ ನಿಂತ ಅನಂತರ ಅವರು ಕೌಂಡಿನ್ಯರನ್ನು ಕರೆದುಕೊಂಡು ಯುರೋಪಿಗೆ ಹೋಗಿ ಬಂದರು. ‘ಈರಾರು ಪತ್ರಿಕೆ’ ಎಂಬ ಕನ್ನಡ ಕೃತಿಯನ್ನು ಬರೆದರು. ಇಲ್ಲಿ ಪತ್ರಿಕೆಯೆಂದರೆ ಕಾಗದ, ಓಲೆ; ಹನ್ನೆರಡು ಪತ್ರಗಳು ಎಂಬುದೇ ಅದರ ಅರ್ಥ. ನಾವು ಇಂದು ಪತ್ರಿಕೆಯೆಂದು ಕರೆಯುವುದನ್ನು ಕನ್ನಡಕ್ಕೆ ಮೊದಲು ಕೊಟ್ಟವರು ಆ ಪದವನ್ನು ಅದಕ್ಕೆ ಬಳಸದೆ ಪತ್ರಗಳಿಗೆ ಮೀಸಲಿಟ್ಟರೆಂಬುದು ಪದಚರಿತ್ರೆಯ ಒಂದು ಸೊಗಸು. 1848ರಿಂದ 1853ರವರೆಗೆ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯ ಕೆಲಸ ನಡೆಯಿತು. ಕಾಸಮೇಜರ್ ಎಂಬ ನಿವೃತ್ತ ಅಧಿಕಾರಿಯ ಧನಸಹಾಯದಿಂದ ‘ಜೈಮಿನಿ ಭಾರತ’, ‘ಬಸವ ಪುರಾಣ’, ‘ದಾಸರ ಪದಗಳು’ ಮೊದಲಾದವು ಇದರಲ್ಲಿ ಬೆಳಕು ಕಂಡವು. ಬ್ರಾಹ್ಮಣ, ವೀರಶೈವ, ದಾಸ ಪರಂಪರೆಗಳ ಗ್ರಂಥಗಳನ್ನು ಕ್ರೈಸ್ತ ಪಾದ್ರಿಯೊಬ್ಬರು ಸಂಪಾದಿಸಿ ಅಚ್ಚು ಹಾಕಿಸಿದ್ದನ್ನು ಮತಪ್ರಚಾರದ ಸಿದ್ಧತೆಯೆ, ಸಾಹಿತ್ಯಪ್ರೀತಿಯೆ ಎಂದು ಕೇಳುವುದು ವಾಡಿಕೆ. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ (1974) ಈ ಯುಗದ ಬರವಣಿಗೆಯನ್ನು ಅದರ ಎಲ್ಲ ಕವಲುಗಳಲ್ಲಿ ಒಟ್ಟಾಗಿ ನೋಡುವ ದಾರಿಯನ್ನು ತೋರಿದೆ. ಆ ದಾರಿಯಲ್ಲಿ ನಡೆದರೆ ಈ ಮಾಲೆಯೂ ‘ಸಮಾಚಾರ’ದ ಮುಂದುವರಿಕೆಯಾಗಿ ಕಾಣುತ್ತದೆ. ಪತ್ರಿಕೆಯಲ್ಲಿ ಅನ್ಯರ ನಡೆಯನ್ನು ಕನ್ನಡಿಗರಿಗೆ ತಿಳಿಸಹೊರಟವರು ಇಲ್ಲಿ ಕನ್ನಡಿಗರ ನಡೆಯನ್ನು ಅವರದೇ ಗ್ರಂಥಗಳಿಂದ ಕಲಿಯಹೊರಟಿದ್ದಾರೆ. ಕಿಟಕಿಗಳಿಲ್ಲದ ಬಿಡಾರವೆಂಬ ಐದು ವರ್ಷಗಳ ಹಿಂದಿನ ತೀರ್ಮಾನ ಈ ಕೆಲಸದಲ್ಲಿ ಸದ್ದಿಲ್ಲದೆ ಸಡಿಲಗೊಂಡಿದೆ.

1853ರಲ್ಲಿ ಕೊಡವ ಅನುಯಾಯಿಯೊಬ್ಬರ ಕರೆಯ ಮೇರೆಗೆ ಕೊಡಗಿಗೆ ಹೋಗಿ ಅಲ್ಮಂಡದಲ್ಲಿ ನೆಲೆಸಿದರು. ಅಲ್ಲಿನ ಅನುಭವ, ವಿಚಾರಣೆಗಳ ಫಲವಾದ ‘ಕೂರ್ಗ್ ಮೆಮಾಯರ್ಸ್’ 1855ರಲ್ಲಿ ಬೆಂಗಳೂರಿನಿಂದ ಪ್ರಕಟವಾಯಿತು. ಅದು ಕೊಡಗಿನ ಅರಸರ ವೃತ್ತಾಂತವೂ ಹೌದು, ಕೊಡವರ ಆಚಾರಗಳ ವಿವರಣೆಯೂ ಹೌದು, ಮಿಷನ್ನಿನ ವರದಿಯೂ ಹೌದು. ಇಂಗ್ಲಿಷಿನಲ್ಲಿದ್ದರೂ ಅದರ ರಚನೆ ‘ಸಮಾಚಾರ’ದ್ದೇ. 1853ರಲ್ಲಿ ಬಂದ ಕಿರಿಯ ಸಹೋದ್ಯೋಗಿ ಫರ್ಡಿನೆಂಡ್ ಕಿಟೆಲ್ ಅವರ ಭಾಷಾಸಕ್ತಿಗೆ ಮೊಗ್ಲಿಂಗರಿಂದ ಒತ್ತಾಸೆ ದೊರೆಯಿತು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಮೊಗ್ಲಿಂಗರಿಗೆ ಗೌರವ ಡಾಕ್ಟರೇಟ್ ನೀಡಿತು. ಕನ್ನಡದ ಕೆಲಸಕ್ಕಾಗಿ ಯುರೋಪಿನ ವಿಶ್ವವಿದ್ಯಾಲಯವೊಂದು ನೀಡಿದ ಆರಂಭದ ಮನ್ನಣೆಗಳಲ್ಲಿ ಇದೊಂದು. ಎರಡು ವರ್ಷಗಳ ಬಳಿಕ, 1860ರಲ್ಲಿ, ಪತ್ನಿಯ ಅನಾರೋಗ್ಯದಿಂದಾಗಿ ಅವರು ಭಾರತವನ್ನು ಬಿಟ್ಟರು, ಮತ್ತೆ ಬರಲಾಗಲಿಲ್ಲ.

ಸ್ವದೇಶದಲ್ಲಿ ಕಳೆದ ಎರಡು ದಶಕಗಳಲ್ಲಿ ಅವರು ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿನ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೊಡಗನ್ನು ಕುರಿತ ಜರ್ಮನ್ ಗ್ರಂಥವೊಂದರಲ್ಲಿಯೂ ಅವರ ಕೈಯಿದೆ. ಒಂದು ಕಾಲಕ್ಕೆ ಪರರಾಜ್ಯಗಳ ವರ್ತಮಾನವನ್ನು ಮಂಗಳೂರಿಗೆ ತಂದವರು ಈಗ ಪುರಂದರ, ಕನಕರ ವಿಚಾರವನ್ನು ಜರ್ಮನರಿಗೆ ತಿಳಿಸುತ್ತಿದ್ದರು. 1881ರ ಮೇ 10ರಂದು ಎಸ್ಲಿಂಗನ್ ಪಟ್ಟಣದಲ್ಲಿ ಅವರು ತೀರಿಕೊಂಡರು. ಮರುವರ್ಷ ಅವರ ಜೀವನಚರಿತ್ರೆ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಅದನ್ನು ಬರೆದವರು ‘ರಾಜ್ಯಸಮಾಚಾರಂ’ ಹೊರಡಿಸಿದ್ದ ಗುಂಡರ್ಟ್.